ಎಡ ಪರದೆಯ ಹೇಸಿಗೆ

ಹುಬ್ಬಳ್ಳಿಯ ‘ದ್ವಿನೇತ್ರ ಸರ್ವಿಸಸ್’ ಕಂಪನಿಯಲ್ಲಿ ಮಧ್ಯಾಹ್ನದ ಊಟದ ಬಿಡುವನ್ನು ತೆಗೆದುಹಾಕಿದ ದಿನ ಯಾರೂ ಸಿಟ್ಟಿಗೇಳಲಿಲ್ಲ. ಪೇಢೆ ಹಂಚಿ ತಿಂದರು.

ಊಟವನ್ನೇ ತೆಗೆದಿದ್ದರೆ ಮಾತು ಬೇರೆ ಇತ್ತು. ತೆಗೆದದ್ದು ಬಿಡುವನ್ನು ಮಾತ್ರ. ಉಣ್ಣುತ್ತ ಉಣ್ಣುತ್ತಲೇ ದುಡಿಯುವ ಉಪಾಯ ಸಿಕ್ಕಿತ್ತು. ಉಳಿದ ಹೊತ್ತಿನಷ್ಟು ಬೇಗ ಮನೆಗೆ ಹೋಗಬಹುದಿತ್ತು. ಯಾರಿಗೆ ಬೇಡ?

ಕಂಪನಿಯ ಕೆಲಸವಂತೂ ನಾಲ್ಕು ಜನರೆದುರು ಹೇಳಿಕೊಳ್ಳುವಂಥದ್ದಲ್ಲ. ಸಮುದ್ರದಾಚೆಯ ದೊಡ್ಡ ದೊಡ್ಡ ಶಹರಗಳ ನೆಲದಡಿಯ ಗಟಾರಗಳಲ್ಲಿ ಕ್ಯಾಮೆರಾ ಹೊತ್ತ ಪುಟ್ಟ ಯಂತ್ರಗಳು ತೆವಳುತ್ತಿದ್ದವು. ಅವು ಕಳಿಸುವ ಚಿತ್ರ ನೋಡಿ ಎಲ್ಲಿ ಪೈಪು ಒಡೆದಿದೆ, ಎಲ್ಲಿ ಕೊಬ್ಬು ಕಟ್ಟಿಕೊಂಡಿದೆ, ಎಲ್ಲಿ ಇಲಿ ಮರಿ ಹಾಕಿದೆ ಎಂದು ಇಲ್ಲಿ ಕೂತವರು ಗುರುತು ಹಾಕಬೇಕು. ಆಮೇಲೆ ಆ ಜಾಗದ ಬೀದಿ, ಮನೆ ನಂಬರು ಎಲ್ಲ ಟೈಪು ಮಾಡಬೇಕು. ದಾಕ್ಷಾಯಣಿ ಹೂಗಾರ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳ ಅತ್ತೆ ನೀಲವ್ವ ಓಣಿಗೆಲ್ಲ ಡಂಗುರ ಹೊಡೆದಿದ್ದಳು: “ನಮ್ಮ ಸೊಸಿ ಕಂಪ್ಯೂಟರ್‌ನ್ಯಾಗ ದಿನಾ ಫಾರಿನ್ ನೋಡ್ತಾಳವಾ!” ಸುಳ್ಳೇನಲ್ಲ. ಫಾರಿನ್ನಿನ ಯಾವ ಭಾಗ ಎಂಬುದನ್ನು ಸೊಸೆ ಅತ್ತೆಗೆ ಹೇಳಿರಲಿಲ್ಲ, ಅಷ್ಟೆ.

ಮೊದಲು ಒಬ್ಬರಿಗೆ ಒಂದೇ ಮಾನಿಟರ್ ಇತ್ತು. ಗಟಾರ ನೋಡು, ಕಿಟಕಿ ಮುಚ್ಚು, ಟೈಪು ಮಾಡು, ಮತ್ತೆ ಗಟಾರ ತೆರೆ. ಬಂದವರು ವಾಂತಿ ಮಾಡಿಕೊಂಡು ವಾರದೊಳಗೆ ಬಿಟ್ಟು ಹೋಗುತ್ತಿದ್ದರು. ಆಮೇಲೆ ಎರಡೆರಡು ಮಾನಿಟರ್ ಬಂದವು. ಕೆಲಸ ಕೊಂಚ ಏರಿತು, ಆದರೆ ಕಣ್ಣು ಎರಡಿದ್ದರೂ ನೋಡುವ ಮನಸ್ಸು ಒಂದೇ. ಅದು ಅತ್ತಿತ್ತ ಓಡಾಡಿ ಸುಸ್ತಾಗುತ್ತಿತ್ತು, ಹೇಸುತ್ತಲೂ ಇತ್ತು. ಮೂರನೆಯ ಸಲ ಬಂದದ್ದೇ ಹಣೆಗೆ ಕಟ್ಟುವ ಪಟ್ಟಿ.

ನಮ್ಮ ಮೆದುಳು ಅಕ್ರೋಟಿನ ಹಾಗೆ ಎರಡು ಹೋಳು. ನಡುವೆ ನರಗಳದೊಂದು ಸೇತುವೆ. ಎಡಕ್ಕೆ ಕಂಡದ್ದು ಬಲ ಹೋಳಿಗೆ ಹೋಗುತ್ತದೆ, ಬಲಕ್ಕೆ ಕಂಡದ್ದು ಎಡ ಹೋಳಿಗೆ. ಆಮೇಲೆ ಸೇತುವೆಯ ಮೇಲೆ ಎರಡೂ ಕಡೆಯ ಸುದ್ದಿ ಓಡಾಡಿ ನಮಗೆ ಒಂದೇ ಲೋಕ ಕಂಡಂತಾಗುತ್ತದೆ. ಹಣೆಗೆ ಪಟ್ಟಿ ಕಟ್ಟಿದರೆ ಆ ಓಡಾಟ ಬಂದ್. ಕಟ್ಟಿದಷ್ಟು ಹೊತ್ತು ಒಂದೇ ತಲೆಯಲ್ಲಿ ಇಬ್ಬರು ಕೂತ ಹಾಗೆ. ಎಡ ಪರದೆ ನೋಡುವ ಹೋಳಿಗೆ ಮಾತು ಬಾರದು, ಅದಕ್ಕೆ ಎಡಗೈಯೊಂದೇ ಆಸ್ತಿ. ಬಲ ಪರದೆ ನೋಡುವ ಹೋಳು ಮಾತಾಡುತ್ತದೆ, ಬಲಗೈ ಆಡಿಸುತ್ತದೆ, ಮೇಲಾಗಿ ತಾನೇ ಪೂರ್ತಿ ಮನುಷ್ಯ ಎಂದು ತಿಳಿದಿರುತ್ತದೆ. ಕಣ್ಣು ಯಾವ ಕಡೆ ಹೊರಳಿದರೂ ಮಾನಿಟರುಗಳು ಅದರ ಬೆನ್ನು ಹತ್ತಿ ಚಿತ್ರವನ್ನು ಸರಿಸುತ್ತಿದ್ದವು. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ಪಟ್ಟಿ ಬಿಚ್ಚಿದ ಮೇಲೂ ಎಡಕ್ಕೆ ಕಂಡದ್ದು ಯಾರ ಬಾಯಿಗೂ ಬರುತ್ತಿರಲಿಲ್ಲ. ಮಾತಿಲ್ಲದ ಹೋಳು ಕಂಡದ್ದನ್ನು ಹೇಳುವವರಾದರೂ ಯಾರು?

ಪಟ್ಟಿ ಬಂದ ದಿನ ಮ್ಯಾನೇಜರ್ ಹಂಚಿನಾಳ ಕುರ್ಚಿಯ ಮೇಲೆ ಹತ್ತಿ ನಿಂತು ಭಾಷಣವನ್ನೇ ಮಾಡಿದ. “ನಮ್ಮ ಹಿರ್ಯಾರು ಎಷ್ಟ ಶಾಣ್ಯಾರಿದ್ರು ನೋಡ್ರಿ! ಹೊಲಸು ಕೆಲಸ ಎಡಗೈಗೆ, ಉಣ್ಣೋದು ಬಲಗೈಗೆ. ನಾವು ಅದನ್ನ ಮೆದುಳಿಗೂ ಹಚ್ಚೇವಿ, ಅಷ್ಟ. ಎಡಗಡಿ ಗಟಾರ, ಬಲಗಡಿ ಟೈಪಿಂಗು. ಎಡಕ್ಕಿದ್ದದ್ದು ಬಲಕ್ಕ ತಾಕಂಗಿಲ್ಲ!”

ಎಲ್ಲರೂ ತಲೆದೂಗಿದರು. ಹುಟ್ಟಿದಾಗಿನಿಂದ ಕಲಿತದ್ದೇ ಅದು. ಊಟಕ್ಕೆ ಎಡಗೈ ಚಾಚಿದರೆ ಬೆನ್ನಿಗೆ ಗುದ್ದು, ದಕ್ಷಿಣೆ ಎಡಗೈಯಲ್ಲಿ ಕೊಟ್ಟರೆ ಛೀಮಾರಿ. ಎಡ ಬಲ ಬೇರೆ ಇದ್ದರೆ ಸಾಕು, ಎಲ್ಲ ಸ್ವಚ್ಛ. ಈ ಲೆಕ್ಕ ಹಂಚಿನಾಳನದಷ್ಟೇ ಅಲ್ಲ, ಅಲ್ಲಿ ಕೂತ ಎಲ್ಲರದೂ ಆಗಿತ್ತು. ಹಾಗಾಗಿ ಯಾರೋ ಒಬ್ಬಳು ಪಟ್ಟಿ ಕಟ್ಟಿಕೊಂಡೇ ಡಬ್ಬಿ ಬಿಚ್ಚಿ ಬಲಗೈಯಿಂದ ರೊಟ್ಟಿ ಮುರಿದಾಗ ಯಾರಿಗೂ ವಿಚಿತ್ರ ಎನಿಸಲಿಲ್ಲ. ಎಡಗೈ ತನ್ನ ಪಾಡಿಗೆ ಗಟಾರದಲ್ಲಿ ಗುರುತು ಹಾಕುತ್ತಿತ್ತು. ಬಲಗೈ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದುತ್ತಿತ್ತು. ಬಾಯಿ ಅತ್ತೆಯ ಮೇಲೆ ಚಾಡಿ ಹೇಳುತ್ತಿತ್ತು. ಮೂರೂ ಕೆಲಸ ಒಟ್ಟಿಗೆ!

ಇದಾದ ಮೇಲೆ ಲಲಿತಾ ಬಡಿಗೇರ ಎದ್ದು ನಿಂತಳು. ದಾಕ್ಷಾಯಣಿಯ ಪಕ್ಕದ ಕುರ್ಚಿಯವಳು, ಗೆಳತಿ, ಬಾಯಿ ಜೋರು. “ಸರ, ಕೂಸುಗೋಳನ್ನ ಬಿಡಾಕ ಒಂದು ಖೋಲಿ ಕೊಡ್ರಿ. ಮನ್ಯಾಗ ಏನ್ ಮಾಡಾಕತ್ತಾವೋ ಅನ್ನೋ ಚಿಂತ್ಯಾಗ ಅರ್ಧ ಜೀವ ಹೋಗತೈತಿ.”

“ಖೋಲಿ ಎಲ್ಲಿಂದ ತರ್ಲಿ? ಬಲ ಪರದೆ ಮೂಲ್ಯಾಗ ಜಾಗಾ ಐತಲ್ಲ! ಮನ್ಯಾಗೊಂದು ಕ್ಯಾಮೆರಾ ಹಚ್ಚಿಸಿ ಕೊಡ್ತೀನಿ. ದಿನಪೂರ್ತಿ ಮಕ್ಕಳ ಮಾರಿ ನೋಡಕೋತ ಕೆಲಸಾ ಮಾಡ್ರಿ.”

ಹಾಗೆ ದಾಕ್ಷಾಯಣಿಯ ಬಲ ಪರದೆಯ ಮೂಲೆಯಲ್ಲಿ ನಾಲ್ಕು ವರ್ಷದ ಮಗಳು ಚಿಗರಿ ಬಂದು ಕೂತಳು. ಹೆಸರು ಚೆನ್ನಮ್ಮ ಎಂದಿದ್ದರೂ ಜಿಂಕೆಯ ಹಾಗೆ ಜಿಗಿಯುತ್ತಾಳೆಂದು ಅಜ್ಜಿ ಇಟ್ಟ ಹೆಸರೇ ನಿಂತುಬಿಟ್ಟಿತ್ತು. ಕ್ಯಾಮೆರಾದಲ್ಲಿ ಅವ್ವ ಇದ್ದಾಳೆ ಎಂದು ಅಜ್ಜಿ ಹೇಳಿಕೊಟ್ಟಿದ್ದರಿಂದ ಹುಡುಗಿ ಅದರ ಮುಂದೆಯೇ ಊಟ, ಅಲ್ಲೇ ಆಟ, ಅಲ್ಲೇ ನಿದ್ದೆ. ನಡುನಡುವೆ ಗಾಜಿಗೇ ಬಾಯಿ ಹಚ್ಚಿ ಮುತ್ತು ಕೊಡುವಳು. ಮೊದಮೊದಲು ದಾಕ್ಷಾಯಣಿಗೆ ಇದಕ್ಕಿಂತ ಹೆಚ್ಚಿನ ಸುಖ ಲೋಕದಲ್ಲಿ ಇರಲಿಕ್ಕಿಲ್ಲ ಎನಿಸಿತ್ತು. ಲಲಿತಾ ಮಾತ್ರ ತನ್ನ ಮಗನ ಕಿಟಕಿ ತೆರೆಸಲಿಲ್ಲ. “ಖೋಲಿ ಕೇಳಿದ್ರ ಫೋಟೋ ಕೊಟ್ಟಂಗಾತು ಇದು” ಎಂದು ಮುನಿಸಿಕೊಂಡೇ ಇದ್ದಳು.

ಮೊದಲು ಕೆಟ್ಟದ್ದು ಊಟ.

ರೊಟ್ಟಿಯ ಚೂರು ಬಾಯಿಗಿಟ್ಟರೆ ಒದ್ದೆ ಕಾಗದ ಅಗಿದ ಹಾಗೆ. ಬದನೆಕಾಯಿ ಎಣ್ಣೆಗಾಯಿ ನಾಲಿಗೆಯ ಮೇಲೆ ಲೋಳೆಯಾಗಿ ಹರಿದಾಡಿದ ಹಾಗೆ. ಮೊಸರಿನ ಮೇಲಿನ ಕೆನೆ ನೋಡಿದರೆ ಗಂಟಲವರೆಗೆ ಹುಳಿನೀರು. ಹುಬ್ಬಳ್ಳಿಯ ಹೆಣ್ಣುಮಗಳಿಗೆ ರೊಟ್ಟಿ ಬೇಡವಾಗುವುದೆಂದರೆ ಮೀನಿಗೆ ನೀರು ಬೇಡವಾದಂತೆ! ಡಬ್ಬಿಗಳು ತುಂಬಿ ಬಂದು ತುಂಬಿಯೇ ಮನೆಗೆ ಹೋಗುತ್ತಿದ್ದವು. ಒಬ್ಬರು ಅಡುಗೆ ಎಣ್ಣೆಯನ್ನು ಬೈದರು, ಇನ್ನೊಬ್ಬರು ಬಿಸಿಲನ್ನು.

ಆಮೇಲೆ ಚಿಗರಿ.

ಒಂದು ಸಂಜೆ ದಾಕ್ಷಾಯಣಿ ಮನೆಗೆ ಬಂದಾಗ ಹುಡುಗಿ ಬೆಲ್ಲ ತಿಂದ ಬಾಯಲ್ಲೇ ಓಡಿಬಂದು ಕೊರಳಿಗೆ ಜೋತುಬಿದ್ದಳು. ಗಲ್ಲಕ್ಕೆ ಗಲ್ಲ ಹತ್ತಿತು. ಆ ಕ್ಷಣಕ್ಕೆ ದಾಕ್ಷಾಯಣಿಯ ಹೊಟ್ಟೆಯ ಬುಡದಿಂದ ಏನೋ ಎದ್ದು ಬಂತು. ಮೆತ್ತಗಿನ, ಬೆಚ್ಚಗಿನ, ಜೀವವಿರುವ ಏನೋ ಮೈಗೆ ಅಂಟಿಕೊಂಡಿದೆ, ಕಿತ್ತು ಎಸೆಯಬೇಕು! ಹಾಗೆ ಅನಿಸಿದ್ದು ಅವಳಿಗೆ ತಿಳಿಯುವ ಮೊದಲೇ ಕೈ ನೂಕಿಯಾಗಿತ್ತು. ಹುಡುಗಿ ಗೋಡೆಗೆ ತಾಗಿ ಕೆಳಗೆ ಕೂತಳು. ಅಳಲಿಲ್ಲ, ಬರೀ ನೋಡಿದಳು.

“ಏನಾತವಾ?” ಎಂದು ನೀಲವ್ವ ಅಡುಗೆಮನೆಯಿಂದ ಓಡಿಬಂದಳು.

“ಏನಿಲ್ರಿ ಅತ್ತಿ. ಕಾಲು ಜಾರಿತು ಆಕೀದು.”

ಮರುದಿನವೂ ಹಾಗೇ. ಅದರ ಮರುದಿನ ಮುಟ್ಟುವುದು ದೂರ, ಮಗಳ ಮುಖ ನೋಡಿದರೇ ಸಾಕಾಯಿತು. ಹಾಲುಹಲ್ಲಿನ ನಗು ಕಂಡರೆ ಹೊಟ್ಟೆ ತೊಳೆಸುವುದು. ಹಣೆಗೆ ಅಂಟಿದ ಬೆವರುಗೂದಲು ಕಂಡರೆ ಮೈಯ ಮೇಲೆ ಹುಳ ಹರಿದಾಡುವುದು. ದಾಕ್ಷಾಯಣಿ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಚಿಮುಕಿಸಿಕೊಂಡು ತನಗೆ ತಾನೇ ಬೈದುಕೊಂಡಳು: ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು, ನನ್ನ ಹಾಲು ಕುಡಿದದ್ದು! ಬೈದುಕೊಂಡು ಹೊರಗೆ ಬಂದರೆ ಮತ್ತೆ ಅದೇ.

ನೀಲವ್ವನ ಕಣ್ಣಿಗೆ ಇದು ಬೀಳದಿರಲಿಲ್ಲ. ಅವಳು ತನ್ನದೇ ರೋಗನಿದಾನ ಮಾಡಿದಳು. “ದಿನಾ ಕ್ಯಾಮೆರಾದಾಗ ಕಣ್ಣು ಪಿಳುಕಿಸದ ನೋಡ್ತಿಯಲ್ಲ, ನಿನ್ನ ದೃಷ್ಟಿನ ಆಕಿಗೆ ತಾಗೈತಿ. ಹೆತ್ತಾಕಿ ಕಣ್ಣು ಮೊದಲು ತಾಗೋದು.” ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ಹುಡುಗಿಯ ಗಲ್ಲಕ್ಕೆ ಕಾಡಿಗೆಯ ಬೊಟ್ಟು ಇಟ್ಟಳು. ಗುಣ ಕಾಣದ್ದಕ್ಕೆ ದಿನದಿನಕ್ಕೆ ಬೊಟ್ಟಿನ ಗಾತ್ರ ಏರುತ್ತ ಹೋಗಿ ಕೊನೆಗೆ ಅರ್ಧ ಗಲ್ಲ ಕಪ್ಪಾಯಿತು. ಆ ಕಪ್ಪು ಮುಖ ಬಲ ಪರದೆಯ ಮೂಲೆಯಲ್ಲಿ ನಗುತ್ತ ಕೂತರೆ ದಾಕ್ಷಾಯಣಿ ಟೈಪು ಮಾಡುವ ಬಲಗೈಯನ್ನು ಬಾಯಿಗೆ ಒತ್ತಿಕೊಂಡು ಉಸಿರು ಹಿಡಿಯುತ್ತಿದ್ದಳು.

ಕೊನೆಗೊಂದು ದಿನ ಮಾನ ಬಿಟ್ಟು ಹಂಚಿನಾಳನ ಕ್ಯಾಬಿನ್ನಿಗೆ ಹೋದಳು.

“ಸರ, ನನ್ನ ಮಗಳ ಮಾರಿ ನೋಡಿದ್ರ ನನಗ ವಾಂತಿ ಬಂದಂಗ ಆಗತೈತ್ರಿ.”

“ಮತ್ತೊಂದು ವಿಶೇಷ ಏನರ ಐತೇನು, ದಾಕ್ಷಾಯಣಿಯವರ?” ಎಂದು ಹಂಚಿನಾಳ ನಕ್ಕ.

“ನಗಬ್ಯಾಡ್ರಿ ಸರ. ನಾ ಒಬ್ಬಾಕೀನ ಅಲ್ಲ. ಸುಮಂಗಲಾ ತನ್ನ ಮಗನ್ನ ತವರಿಗೆ ಬಿಟ್ಟು ಬಂದಾಳ. ರಜಿಯಾ ಕೂಸಿಗೆ ಹಾಲು ಬಿಡಿಸ್ಯಾಳ. ಕೇಳಿದ್ರ ಯಾರೂ ಹೇಳಂಗಿಲ್ಲ. ಹೆಂಗ ಹೇಳ್ತಾರ್ರಿ ಇದನ್ನ?”

ಹಂಚಿನಾಳನ ನಗು ನಿಂತಿತು. ಅವನ ಮುಖದಲ್ಲಿ ಗಾಬರಿ ಕಾಣುತ್ತದೆಂದು ದಾಕ್ಷಾಯಣಿ ಕಾದಳು. ಕಂಡದ್ದು ಬೇರೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ದಲಾಲಿಯ ಹಾಗೆ ಅವನು ಕಣ್ಣು ಸಣ್ಣ ಮಾಡಿಕೊಂಡ.

“ಕಿಟಕಿ ತೆರಿಸಿದವರಿಗಷ್ಟ ಹಿಂಗಾಗೈತೇನು?”

“ಹೌದ್ರಿ. ಲಲಿತಾಗ ಮಗನ ವಿಷಯದಾಗ ಏನೂ ಆಗಿಲ್ಲ.”

“ಅಂದ್ರ ಅಲ್ಲೆ ಯಾವ ಮಾರಿ ಇಟ್ರೂ...” ಎಂದವನು ಅರ್ಧಕ್ಕೇ ನುಂಗಿಕೊಂಡ. “ಆತು. ಮಕ್ಕಳ ಕಿಟಕಿ ಇವತ್ತ ತಗಸ್ತೀನಿ. ಯಾರ ಮುಂದೂ ಹೇಳಾಕ ಹೋಗಬ್ಯಾಡ್ರಿ.”

ಕಿಟಕಿ ಹೋಯಿತು. ಆದರೆ ಮೂಲೆ ಖಾಲಿ ಉಳಿಯಲಿಲ್ಲ. ಮರುದಿನ ಅಲ್ಲಿ ‘ನಮ್ಮ ಸಹೋದ್ಯೋಗಿಯ ಪರಿಚಯ’ ಎಂಬ ಹೊಸ ಅಂಕಣ ಬಂತು. ಮೊದಲ ಪರಿಚಯವೇ ಲಲಿತಾ ಬಡಿಗೇರಳದು. ದೊಡ್ಡ ಫೋಟೋ, ಬಾಯ್ತುಂಬ ನಗು. ಎಲ್ಲರಿಗೂ ಖುಷಿ. ಲಲಿತಾ ಆ ವಾರವೇ ಮಕ್ಕಳ ಖೋಲಿ ಬೇಕು, ಊಟದ ಬಿಡುವು ವಾಪಸ್ ಬೇಕು ಎಂದು ಎಲ್ಲರನ್ನೂ ಕೂಡಿಸಿಕೊಂಡು ಮಾಲೀಕರ ಬಾಗಿಲಿಗೆ ಹೋಗುವವಳಿದ್ದಳು. ಪರವಾಗಿಲ್ಲ, ಅಂಥವಳ ಫೋಟೋ ಹಾಕಿಸಿದ ಹಂಚಿನಾಳ ಸರ ದೊಡ್ಡ ಮನಸ್ಸಿನವರೇ ಎಂದು ಎಲ್ಲರೂ ಅಂದುಕೊಂಡರು.

ಹೊರಡುವ ದಿನ ಬಂತು. ಲಲಿತಾ ಬಾಗಿಲಲ್ಲಿ ನಿಂತು ಕರೆದಳು. ಒಬ್ಬರೂ ಏಳಲಿಲ್ಲ.

ಅವಳು ದಾಕ್ಷಾಯಣಿಯ ಕುರ್ಚಿಯ ಹತ್ತಿರ ಬಂದಳು. “ಏನ ಬೇ ದಾಕ್ಷಿ, ಮೊನ್ನಿ ಮಟ ನನ್ನ ಹೆಗಲಿಗೆ ಹೆಗಲು ಹಚ್ಚಿ ಕುಂಡ್ರತಿದ್ದಿ, ಇವತ್ತು ನನ್ನ ನೆಳ್ಳು ಬಿದ್ರೂ ಸರದು ಕುಂಡ್ರಾಕತ್ತಿ?”

ದಾಕ್ಷಾಯಣಿ ತಲೆಯೆತ್ತಿದಳು. ಲಲಿತಾಳ ಹಲ್ಲಿನ ಸಂದಿ, ತುಟಿಯ ಮೇಲಿನ ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ವಾಸನೆ ಎಲ್ಲ ಸೇರಿ ಮೂಗಿಗೆ ಕೊಳೆತ ಹೆಣದ ಹಾಗೆ ಬಡಿದವು. ಬಾಯಲ್ಲಿ ಹುಳಿನೀರು ಊರಿತು. ನಾಭಿಯ ಹತ್ತಿರ ಗಂಟು, ನಾಲಿಗೆಯ ಬುಡದಲ್ಲಿ ತುಕ್ಕು ನೆಕ್ಕಿದ ರುಚಿ.

ಆ ರುಚಿ ಅವಳಿಗೆ ಗುರುತಿತ್ತು.

ಚಿಗರಿಯನ್ನು ನೂಕಿದಾಗ ಬಂದದ್ದೂ ಇದೇ ಗಂಟು, ಇದೇ ತುಕ್ಕು. ಹಸುಳೆಯ ಮೇಲೂ ಈ ಗಟ್ಟಿಗಿತ್ತಿಯ ಮೇಲೂ ಒಂದೇ ಹೇಸಿಗೆ ಹೇಗೆ ಸಾಧ್ಯ? ನೂರು ಜನರ ಮೇಲೆ ಸಿಟ್ಟು ಬಂದರೆ ನೂರು ಬಗೆಯಾಗಿ ಬರುತ್ತದೆ. ಇದು ಮಾತ್ರ ಒಂದೇ ಕೊಡದ ನೀರು. ಹಾಗಾದರೆ ಇದು ಮಗಳದಲ್ಲ, ಲಲಿತಾಳದೂ ಅಲ್ಲ. ಬೇರೆ ಯಾರದೋ ಕೊಡ ತಂದು ಇವರ ತಲೆಯ ಮೇಲೆ ಸುರಿಯುತ್ತಿದ್ದಾರೆ.

“ಲಲಿತಾ, ಸ್ವಲ್ಪ ದೂರ ನಿಂದ್ರು,” ಎಂದಳು ದಾಕ್ಷಾಯಣಿ, ಮೂಗು ಮುಚ್ಚಿಕೊಂಡೇ. “ನೀ ಕೆಟ್ಟಾಕಿ ಅಂತಲ್ಲ. ನನಗ ಏನೋ ಆಗೈತಿ. ಹೋಗಬ್ಯಾಡ, ಇಲ್ಲೇ ಇರು. ನಾ ಕೇಳಕೊಂಡು ಬರ್ತೀನಿ.”

ಪಟ್ಟಿಗಳನ್ನೆಲ್ಲ ಆಡಿಸುವ ಕಂಟ್ರೋಲ್ ರೂಮು ಮೇಲಿನ ಅಂತಸ್ತಿನಲ್ಲಿತ್ತು. ಅಲ್ಲಿ ತಬಸ್ಸುಮ್ ನದಾಫ ಎಂಬ ಎಂಜಿನಿಯರ್ ಹುಡುಗಿ ಒಬ್ಬಳೇ ಕೂತಿರುತ್ತಿದ್ದಳು. ದಾಕ್ಷಾಯಣಿ ಹೇಳಿದ್ದನ್ನು ಅವಳು ಅಡ್ಡ ಮಾತಾಡದೆ ಕೇಳಿದಳು. ಅಚ್ಚರಿಯನ್ನೇನೂ ಪಡಲಿಲ್ಲ. ಅದೇ ದಾಕ್ಷಾಯಣಿಗೆ ಸಿಟ್ಟು ತರಿಸಿತು.

“ನಿನಗ ಗೊತ್ತಿತ್ತು.”

“ಅನುಮಾನ ಇತ್ತು ಅಕ್ಕಾರ.” ತಬಸ್ಸುಮ್ ಪರದೆಯ ಮೇಲೊಂದು ಗೆರೆ ತೋರಿಸಿದಳು. ಪಟ್ಟಿ ನಾಡಿ, ಬೆವರು ಎಲ್ಲ ಅಳೆಯುತ್ತಿತ್ತು. ಗೆರೆ ದಿನವಿಡೀ ಹಾವಿನ ಹಾಗೆ ಎದ್ದು ಬಿದ್ದಿತ್ತು. “ಮೆದುಳು ಎರಡು ಮಾಡಬಹುದು. ಹೊಟ್ಟಿ ಒಂದ ಐತಲ್ಲ? ಎಡಗಡಿ ಗಟಾರ ಕಾಣತೈತಿ. ಅದನ್ನ ನೋಡೋ ಹೋಳು ಹೇಸತೈತಿ, ಹೊಟ್ಟಿ ತೊಳಸತೈತಿ. ಬಲಗಡಿ ನೋಡೋ ಹೋಳಿಗೆ ಹೊಟ್ಟಿ ತೊಳಸಿದ್ದಷ್ಟ ಗೊತ್ತಾಗತೈತಿ, ಯಾಕ ಅಂತ ಗೊತ್ತಾಗಂಗಿಲ್ಲ. ಕಾರಣ ಹುಡುಕತೈತಿ. ಎದುರಿಗೆ ಏನೈತಿ ಅಂತ ನೋಡತೈತಿ.”

“ಎದುರಿಗೆ ನನ್ನ ಮಗಳಿದ್ಲು.”

“ಹೌದ್ರಿ. ಮೊದಲು ರೊಟ್ಟಿ ಇತ್ತು.” ತಬಸ್ಸುಮ್ ದನಿ ತಗ್ಗಿಸಿದಳು. “ನಾ ಸರಗೆ ಹೇಳಿದ್ದೆ. ಹೊಟ್ಟಿ ನಮ್ಮ ಕಾಂಟ್ರ್ಯಾಕ್ಟಿನ್ಯಾಗ ಇಲ್ಲ ಅಂದ್ರು.”

ದಾಕ್ಷಾಯಣಿಗೆ ತಿಂಗಳುಗಟ್ಟಲೆ ತನ್ನನ್ನು ತಾನೇ ರಾಕ್ಷಸಿ ಎಂದು ಬೈದುಕೊಂಡದ್ದೆಲ್ಲ ಒಟ್ಟಿಗೆ ನೆನಪಾಯಿತು. “ಇದನ್ನ ಹೆಂಗ ಬಿಡಿಸೋದು, ತಂಗಿ? ಕಿಟಕಿ ತಗದ್ರೂ ಹೋಗವಲ್ದು. ನನಗ ನನ್ನ ಮಗಳು ಬೇಕು.”

“ಖರೇ ಹೇಳ್ಬೇಕಂದ್ರ ಗೊತ್ತಿಲ್ರಿ. ಮಾತಾಡೋ ಹೋಳಿಗೆ ಖರೇ ಕಾರಣ ತೋರಿಸಿದ್ರ ಸುಳ್ಳು ಕಾರಣ ಬಿಟ್ಟರೂ ಬಿಟ್ಟೀತು. ಬಿಡದನೂ ಇರಬಹುದು.”

“ತೋರಸು ಮತ್ತ.”

“ಅಕ್ಕಾರ, ಅದು ಭಾಳ ಹೊಲಸೈತಿ.”

“ದಿನಾ ನಾನ ನೋಡೇನಲ್ಲ! ತೋರಸಂದೆ.”

ತಬಸ್ಸುಮ್ ಹಳೆಯ ರೆಕಾರ್ಡಿಂಗ್ ತೆರೆದಳು. ಎರಡು ಮಾನಿಟರ್, ಎದುರಿಗೆ ಕೂತ ದಾಕ್ಷಾಯಣಿ, ಈ ಸಲ ಹಣೆಗೆ ಪಟ್ಟಿಯಿಲ್ಲ. ಬಲಕ್ಕೆ ಚಿಗರಿ ಗೊಂಬೆಗೆ ಸೀರೆ ಉಡಿಸುತ್ತಿದ್ದಳು. ಎಡಕ್ಕೆ ದುಂಡನೆಯ ಕತ್ತಲು. ಯಂತ್ರದ ದೀಪ ಅದರೊಳಗೆ ನುಗ್ಗಿತು. ಪೈಪಿನ ಗೋಡೆಗೆ ಹಳದಿ ಕೊಬ್ಬು ಗೆಡ್ಡೆಗೆಡ್ಡೆಯಾಗಿ ಜೋತಿತ್ತು, ಕುದಿದು ಹೆಪ್ಪುಗಟ್ಟಿದ ಕೆನೆಯ ಹಾಗೆ. ಅದರೊಳಗೆ ಕೂದಲು, ಹತ್ತಿ, ಯಾರದೋ ಹಲ್ಲು. ಕೆಳಗೆ ಕಂದು ನೀರು ಗುಳುಗುಳು ಎನ್ನುತ್ತ ಉಬ್ಬುತ್ತಿತ್ತು. ಯಂತ್ರ ಒಂದು ಗೆಡ್ಡೆಯನ್ನು ಒತ್ತಿತು. ಗೆಡ್ಡೆ ಒಡೆದು ಒಳಗಿನಿಂದ ಕಣ್ಣು ಬಿಡದ ಗುಲಾಬಿ ಇಲಿಮರಿಗಳು ಒಂದರ ಮೇಲೊಂದು ಮಿಸುಕಾಡುತ್ತ ಸುರಿದವು. ಸರಿಯಾಗಿ ಅದೇ ಹೊತ್ತಿಗೆ ಬಲಕ್ಕೆ ಚಿಗರಿ ಗೊಂಬೆ ಬಿಟ್ಟು ಎದ್ದು ಬಂದು, ಕ್ಯಾಮೆರಾದ ಗಾಜಿಗೆ ತುಟಿ ಒತ್ತಿ ಮುತ್ತು ಕೊಟ್ಟಳು.

ಅಂದು ಎಡಗೈ ನೆಮ್ಮದಿಯಾಗಿ ‘ಇಲಿ’ ಎಂದು ಗುರುತು ಹಾಕಿತ್ತು.

ದಾಕ್ಷಾಯಣಿ ಕಣ್ಣು ಮುಚ್ಚಲಿಲ್ಲ. ಮೆತ್ತಗಿನ, ಬೆಚ್ಚಗಿನ, ಜೀವವಿರುವ ಏನೋ! ಇದು. ಇದೇ ಅದು. “ಛೀ!” ಎಂದಳು, ಎಡ ಪರದೆಗೆ ಬೆರಳು ಮಾಡಿ. “ಛೀ, ಥೂ!” ಎನ್ನುತ್ತಲೇ ಬಾಯಿಂದ ಬೆಳಗಿನ ಚಹಾ, ನಿನ್ನೆಯ ಅನ್ನ ಎಲ್ಲ ಬಂದು ತಬಸ್ಸುಮಳ ಮೇಜು, ಕೀಬೋರ್ಡು, ನೆಲ ಒಂದೂ ಬಿಡದೆ ಹರಡಿತು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಹಂಚಿನಾಳ ಬಂದ. “ಏನ್ ನಡಸೀರಿ ಇಲ್ಲೆ?” ಎನ್ನುತ್ತ ಒಂದು ಹೆಜ್ಜೆ ಇಟ್ಟವನು ಪಾಲಿಶ್ ಬೂಟನ್ನು ಸರಿಯಾಗಿ ಅದರಲ್ಲೇ ಊರಿದ. ನೋಡಿದ. ಕರವಸ್ತ್ರ ಮೂಗಿಗೆ ಹೋಯಿತು. ಎರಡು ಹೆಜ್ಜೆ ಹಿಂದೆ ಸರಿದ. ಅವನು ಒಂದು ದಿನವೂ ಪಟ್ಟಿ ಕಟ್ಟಿಕೊಂಡವನಲ್ಲ. ಹೇಸಿಗೆ ಅವನಿಗೆ ನೆಟ್ಟಗೆ ಮೂಗಿಗೇ ಬಡಿಯಿತು.

“ಅಲ್ಲೇ ನಿಂದ್ರಿ ಸರ,” ಎಂದಳು ದಾಕ್ಷಾಯಣಿ ಬಾಯಿ ಒರೆಸಿಕೊಳ್ಳುತ್ತ. “ಲಲಿತಾನ ಫೋಟೋ ನೀವ ಹಾಕಿಸಿದ್ದು?”

ಹಂಚಿನಾಳ ಕರವಸ್ತ್ರದ ಒಳಗಿನಿಂದಲೇ ಮಾತಾಡಿದ. ಸಿಕ್ಕಿಬಿದ್ದವನ ನಾಚಿಕೆ ಅವನ ದನಿಯಲ್ಲಿ ಇರಲಿಲ್ಲ. ಹಬ್ಬದ ಉತ್ಸಾಹ ಇತ್ತು. “ನಿಮಗ ಇದರ ಬೆಲಿ ಗೊತ್ತಿಲ್ಲ ದಾಕ್ಷಾಯಣಿಯವರ! ಯಾರ ಮಾರಿ ಇಟ್ರೂ ಜನ ಅವರಿಗೆ ಹೇಸ್ತಾರ. ಯಾಕಂತ ಅವರಿಗೂ ಗೊತ್ತಾಗಂಗಿಲ್ಲ. ಇಂಥಾ ಮಾಲಿಗೆ ಎಷ್ಟ ಮಂದಿ ಗಿರಾಕಿ ಅದಾರ! ಇದನ್ನ ಮೊದಲು ಹೇಳಿದಾಕಿ ನೀವು. ನಿಮ್ಮನ್ನ ಸೂಪರ್‌ವೈಸರ್ ಮಾಡ್ತೀನಿ. ಮಗಳ ಚಿಂತಿ ಬಿಡ್ರಿ, ಯಾವದರ ಚಲೋ ಹಾಸ್ಟೆಲ್‌ಗೆ ಹಾಕೋಣು.”

ಮಗಳನ್ನು ಹಾಸ್ಟೆಲಿಗೆ! ದಾಕ್ಷಾಯಣಿಗೆ ಮತ್ತೆ ಹೊಟ್ಟೆ ತೊಳೆಸಿತು. ಈ ಸಲ ಎದುರಿಗಿದ್ದ ಮುಖವೂ ಕಾರಣವೂ ಒಂದೇ ಆಗಿದ್ದವು. ಎಷ್ಟು ದಿನದ ಮೇಲೆ ಹೇಸಿಗೆ ತನ್ನ ಮನೆಯ ಬಾಗಿಲಿಗೆ ತಾನು ಬಂದು ನಿಂತಿತ್ತು! ಅವಳಿಗೆ ಒಂಥರಾ ಸಮಾಧಾನವೇ ಆಯಿತು.

“ತಬಸ್ಸುಮ್, ಈ ಗಟಾರನ್ನ ಎಲ್ಲಾರ ಎರಡೂ ಪರದೆಗೆ ಹಾಕಾಕ ಬರತೈತೇನು? ಪಟ್ಟಿ ಬಂದ್ ಮಾಡಿ?”

ತಬಸ್ಸುಮ್ ಹಂಚಿನಾಳನನ್ನು ನೋಡಿದಳು, ದಾಕ್ಷಾಯಣಿಯನ್ನು ನೋಡಿದಳು. ವಾಂತಿ ಮೆತ್ತಿದ ಕೀಬೋರ್ಡನ್ನು ಸೆರಗಿನಂಚಿನಿಂದ ಒರೆಸಿದಳು. ಬೆರಳು ಸರಸರ ಓಡಿದವು. “ಈಗ ಈ ಕೀ ಒತ್ತಿದ್ರ ಆತ್ರಿ. ನನ್ನ ಕೈ ಬರವಲ್ದು ಅಕ್ಕಾರ. ಮನ್ಯಾಗ ನಂದೊಂದ ಪಗಾರ.”

“ಒತ್ತಬ್ಯಾಡ್ರಿ!” ಎಂದು ಹಂಚಿನಾಳ ಕೂಗಿದ. ಆದರೆ ಅವನಿಗೂ ಮೇಜಿಗೂ ನಡುವೆ ನೆಲದ ತುಂಬ ದಾಕ್ಷಾಯಣಿಯ ವಾಂತಿ. ಕಾಲೆತ್ತಿದ, ಇ‌ಳಿಸಿದ, ದಾಟಲಾರದೆ ಅಲ್ಲೇ ಕುಣಿದ.

ದಾಕ್ಷಾಯಣಿ ಒತ್ತಿದಳು.

ಕೆಳಗಿನ ಹಾಲಿನಲ್ಲಿ ಊಟದ ಹೊತ್ತು. ಬಾಯಲ್ಲಿ ಒಲ್ಲದ ತುತ್ತು, ಕೈಯಲ್ಲಿ ರೊಟ್ಟಿ. ಮೊದಲು ಒಂದು ಕಿರುಚು ಕೇಳಿತು, ಆಮೇಲೆ ಕುರ್ಚಿಗಳು ಉರುಳಿದ ಸದ್ದು, ಆಮೇಲೆ ಓಕರಿಕೆ. ಒಬ್ಬರದಲ್ಲ, ಇಡೀ ಹಾಲಿನದು. ಸಾಲುಸಾಲಾಗಿ ಜನ ಬಾಗಿ ಡಬ್ಬಿಯೊಳಗೆ, ಡ್ರಾಯರಿನೊಳಗೆ, ಒಬ್ಬರ ಬೆನ್ನ ಮೇಲೊಬ್ಬರು ಕಾರಿಕೊಂಡರು. ಮೇಲಿನ ಗಾಜಿನ ಕಿಟಕಿಯಿಂದ ನೋಡಿದ ದಾಕ್ಷಾಯಣಿಗೆ ಇಷ್ಟು ಹೊಲಸಾದ ದೃಶ್ಯ ಜನ್ಮದಲ್ಲಿ ಕಂಡ ನೆನಪಿಲ್ಲ. ರಜಿಯಾ ಪಟ್ಟಿ ಕಿತ್ತೆಸೆದು, ಪರದೆಗೆ ಬೆರಳು ತೋರಿಸಿ “ಅಯ್ಯೋ, ಇದು! ಇದಿತ್ತೇನು! ನನ್ನ ಕೂಸಲ್ಲ, ಇದು!” ಎಂದು ಅಳುತ್ತಲೂ ನಗುತ್ತಲೂ ಕೂಗುತ್ತಿದ್ದಳು. ಬಾಗಿಲಲ್ಲಿ ಒಬ್ಬಳೇ ನಿಂತಿದ್ದ ಲಲಿತಾ ಮೂಗಿಗೆ ಸೆರಗು ಹಿಡಿದು ಒಳಗೆ ಬಂದಳು. ಬೈಯುತ್ತ ಬೈಯುತ್ತಲೇ ಒಬ್ಬೊಬ್ಬರ ಬೆನ್ನು ನೀವತೊಡಗಿದಳು.

ಅಂದಿನಿಂದ ಪಟ್ಟಿ ಕಟ್ಟಲು ಯಾರೂ ತಲೆ ಕೊಡಲಿಲ್ಲ. ಕಂಪನಿ ‘ತಾಂತ್ರಿಕ ತೊಂದರೆ’ ಎಂದು ಬೋರ್ಡು ಹಾಕಿ ಬಾಗಿಲು ಎಳೆದುಕೊಂಡಿತು. ಹಂಚಿನಾಳ ತನ್ನ ಮಾಲು ಹೊತ್ತು ಯಾವ ಊರಿನ ಗಿರಾಕಿಯ ಕಡೆ ಹೋದನೋ ಗೊತ್ತಾಗಲಿಲ್ಲ. ಅದು ಗೊತ್ತಾಗದ್ದೇ ದಾಕ್ಷಾಯಣಿಯ ಹೊಟ್ಟೆಯಲ್ಲಿ ಉಳಿದ ತಣ್ಣನೆಯ ಭಯ. ಯಾರನ್ನಾದರೂ ಕಂಡು ಕಾರಣವಿಲ್ಲದೆ ಮೂಗು ಮುರಿಯುವಂತಾದರೆ ಈಗ ಅವಳು ಮೊದಲು ತನ್ನ ಎಡಕ್ಕೆ ಏನಿದೆ ನೋಡುತ್ತಾಳೆ.

ಆದರೆ ಚಿಗರಿ?

ಕಾರಣ ಗೊತ್ತಾದೊಡನೆ ಪ್ರೀತಿ ಉಕ್ಕಿ ಹರಿಯಲಿಲ್ಲ. ಮಗಳ ಮುಖ ಕಂಡರೆ ಹೊಟ್ಟೆ ಮೊದಲಿನಷ್ಟು ತೊಳೆಸದಿದ್ದರೂ ಒಮ್ಮೆ ಅಳ್ಳಾಡುತ್ತಿತ್ತು. ಅದಕ್ಕಿಂತ ಕಷ್ಟವಾದದ್ದು ಇನ್ನೊಂದು. ಹುಡುಗಿ ಅವ್ವನ ಹತ್ತಿರ ಬರುವುದನ್ನೇ ಬಿಟ್ಟಿದ್ದಳು. ಉಣ್ಣಿಸಲು ಅಜ್ಜಿ, ತಲೆ ಬಾಚಲು ಅಜ್ಜಿ, ಬಿದ್ದು ಅತ್ತರೂ ಅಜ್ಜಿ. ದಾಕ್ಷಾಯಣಿ ಕೈ ಚಾಚಿದರೆ ನೀಲವ್ವನ ಸೀರೆಯ ನಿರಿಗೆಯೊಳಗೆ ಮರೆಯಾಗುವಳು.

ಒಂದು ಮುಂಜಾನೆ ಹಿತ್ತಿಲಿಂದ ಕೂಗು ಬಂತು: “ಅಜ್ಜೀ, ಆತೂ! ತೊಳಿ ಬಾ!”

ನೀಲವ್ವ ಓಣಿಯ ಮೂಲೆಯಲ್ಲಿ ಕಾಯಿಪಲ್ಯ ಕೊಳ್ಳಲು ಹೋಗಿದ್ದಳು. ಎರಡನೆಯ ಸಲ ಕೂಗು ಬಂದಾಗ ದಾಕ್ಷಾಯಣಿ ತಂಬಿಗೆ ತುಂಬಿಕೊಂಡು ಹೊರಟಳು.

ಕುಕ್ಕರಗಾಲಲ್ಲಿ ಕೂತಿದ್ದ ಹುಡುಗಿ ಅವ್ವನನ್ನು ಕಂಡಳು. ಕೂಗು ಅಲ್ಲಿಗೇ ನಿಂತಿತು. ಎರಡೂ ಅಂಗೈಗಳಿಂದ ತನ್ನ ಮುಖವನ್ನು ಮುಚ್ಚಿಕೊಂಡಳು. ಯಾರೂ ಹೇಳಿಕೊಟ್ಟದ್ದಲ್ಲ. ಅವ್ವನಿಗೆ ಯಾವುದು ಬೇಡವೋ ಅದನ್ನು ತಾನಾಗಿಯೇ ಮರೆಮಾಡಿಕೊಂಡು ಕೂತಿದ್ದಳು.

ದಾಕ್ಷಾಯಣಿ ಹತ್ತಿರ ಹೋಗಿ ತಂಬಿಗೆ ಕೆಳಗಿಟ್ಟಳು. ನಾತ ಗಪ್ಪನೆ ಮೂಗಿಗೆ ಬಂತು. ಹೊಟ್ಟೆ ಎದ್ದಿತು. ಅವಳು ಉಸಿರು ಬಿಗಿಹಿಡಿದು, ಓಣಿಯಲ್ಲಿ ಎದುರಾದ ಬೀದಿನಾಯಿ ಯಾವ ಕಡೆ ತಿರುಗುತ್ತದೆಂದು ಕಾಯುವವರ ಹಾಗೆ ಕಾದಳು. ಹೇಸಿಗೆ ಒಂದು ಕ್ಷಣ ಆ ಪುಟ್ಟ ಬೆರಳುಗಳ ಸುತ್ತ ಸುಳಿದಾಡಿತು. ಆಮೇಲೆ ಕೆಳಗಿಳಿದು ನೆಲದ ಮೇಲಿದ್ದದ್ದರ ಮೇಲೆ ಹೋಗಿ ಕೂತಿತು.

“ಛೀ! ಏನ್ ತಿಂದಿದ್ದ್ಯೇ ರಾತ್ರಿ? ಇಷ್ಟ ನಾತ!” ಎಂದಳು ದಾಕ್ಷಾಯಣಿ. ಅವಳ ಮೂಗು ಸೊಟ್ಟಗಾಗಿತ್ತು, ಕಣ್ಣಲ್ಲಿ ನೀರು ತುಂಬಿತ್ತು.

ಬೆರಳ ಸಂದಿಯಿಂದ ಸಣ್ಣ ದನಿ ಬಂತು. “ನಾ ನಾರಾಕತ್ತೀನೇನು?”

“ನೀ ಅಲ್ಲ, ನನ್ನವ್ವ. ಅದು. ಹಿಂದ ನೋಡು, ಅದು.”

ಚಿಗರಿ ಒಂದು ಕೈ ಸರಿಸಿ, ಕೂತಲ್ಲೇ ಬಗ್ಗಿ, ಬಹಳ ಹೊತ್ತು ಹಿಂದೆ ನೋಡಿದಳು. ಅವಳ ಮೂಗೂ ಅವ್ವನದರ ಹಾಗೆಯೇ ಸೊಟ್ಟಗಾಯಿತು.

“ಛೀ,” ಎಂದಳು.

“ಹೌದಲ್ಲೇ? ಛೀ!”

“ಛೀ, ಛೀ, ಛೀ!” ಹುಡುಗಿಗೆ ಖುಷಿ ಹತ್ತಿತು.

ದಾಕ್ಷಾಯಣಿ ಮೂಗು ಮುರಿಯುತ್ತಲೇ, ವಾಕರಿಸುತ್ತಲೇ ನೀರು ಹಾಕಿ ಮಗಳನ್ನು ತೊಳೆದಳು. ಕೈ ಹಿಂದೆ ಸರಿಯಲಿಲ್ಲ. ಹುಡುಗಿ ಅವ್ವನ ಭುಜ ಹಿಡಿದು ನಿಂತು ಚಡ್ಡಿ ಹಾಕಿಸಿಕೊಂಡಳು. ಹಾಕಿಸಿಕೊಂಡದ್ದೇ ಬಾಗಿಲ ಕಡೆ ಓಡಿದಳು; ಓಣಿಯ ತುದಿಯಲ್ಲಿ ಕಾಯಿಪಲ್ಯದ ಚೀಲ ಹಿಡಿದು ಬರುತ್ತಿದ್ದ ನೀಲವ್ವನಿಗೂ, ನಡುವಿನ ಹತ್ತು ಮನೆಗೂ ಕೇಳುವಂತೆ ಕೂಗಿದಳು:

“ಅಜ್ಜೀ! ಅದು ನಾರಾಕತ್ತಿತ್ತಂತ! ನಾ ಅಲ್ಲಂತ!”